ಒಂದು ತೊಲದ ಗುಂಡು

ಜನವರಿ. ಸಂಜೆ ಐದಕ್ಕೆಲ್ಲ ಕತ್ತಲು ಕವಿದು, ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ವಿಸ್ಕಾನ್ಸಿನ್‌ನಲ್ಲಿ ಮಗಳ ಪಕ್ಕದ ಮನೆಯವರು, ಆಯುಷ್ಯವೆಲ್ಲ ಲೇಥ್ ಮುಂದೆ ದುಡಿದು ನಿವೃತ್ತರಾದವರು, ತಮ್ಮ ನೆಲಮಾಳಿಗೆಗೆ ಕರೆದಿದ್ದರು. ಇಳಿಯುತ್ತಿದ್ದಂತೆ ಮೊರದಲ್ಲಿ ಕಾಳು ಕೇರುವ ಸದ್ದು. ನೋಡಿದರೆ ಬೋಗುಣಿಯೊಂದು ಗಡಗಡ ನಡುಗುತ್ತಿದೆ. ಒಳಗೆ ಅಕ್ರೋಟಿನ ಚಿಪ್ಪಿನ ತರಿ, ತರಿಯ ನಡುವೆ ಹೊರಳುವ ಹಿತ್ತಾಳೆಯ ಖಾಲಿ ತೋಟಾಗಳು. ಎರಡು ಮೂರು ಗಂಟೆ ಹೊರಳಿದರೆ ಹೊಗೆಯ ಕಪ್ಪು ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ ದೀಪದ ಕಂಬದ ಹಾಗೆ ಹೊಳೆಯುತ್ತವೆ.

ಈಡು ಹಾರಿದಾಗ ಮುಗಿದುಹೋಗುವುದು ಮದ್ದು, ಗುಂಡು ಮತ್ತು ತಳದ ಪುಟ್ಟ ಕೇಪು. ಹಿತ್ತಾಳೆ ಉಳಿಯುತ್ತದೆ. ಅದನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳಲು ಅಮೆರಿಕದಲ್ಲಿ ಸ್ವಂತ ಬಳಕೆಗಾದರೆ ಫೆಡರಲ್ ಪರವಾನಗಿ ಬೇಡ, ಮಾರುವುದಾದರೆ ಬೇಕು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.

ದಪ್ಪ ಹಲಗೆಯ ಮೇಜಿನ ಅಂಚಿಗೆ ಬೋಲ್ಟ್ ಬಿಗಿದು ನಿಂತಿತ್ತು ತೋಟಾ ತುಂಬುವ ಹಸಿರು ಪ್ರೆಸ್, ಆರ್‌ಸಿಬಿಎಸ್‌ನ ರಾಕ್ ಚಕರ್. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಶುರುಮಾಡಿದ ಕಂಪನಿಯದು. ಎರಕದ ಕಬ್ಬಿಣ, ಒಂದು ಸಲಕ್ಕೆ ಒಂದೇ ಡೈ (ಅಚ್ಚು), ಒಂದೇ ಕೆಲಸ. ಆಚೆ ಮೂಲೆಯಲ್ಲಿ ನೀಲಿ ಬಣ್ಣದ ಡಿಲ್ಲನ್ ಪ್ರೆಸ್ ಇತ್ತು. ಅದರ ಹಿಡಿಕೆ ಒಮ್ಮೆ ಎಳೆದರೆ ನಾಲ್ಕು ಕಡೆ ನಾಲ್ಕು ಕೆಲಸ ನಡೆದು, ಪ್ರತಿ ಎಳೆತಕ್ಕೂ ಒಂದು ತೋಟಾ ಉದುರುತ್ತದೆ. ಗಂಟೆಗೆ ನೂರಾರು. ಕಲಿಯುವವರು ಮೊದಲು ಕಣ್ಣು ಹಾಕುವುದು ಅದರ ಮೇಲೆ. ಆದರೆ ನಾಲ್ಕು ಕೆಲಸ ಒಟ್ಟಿಗೆ ನಡೆಯುವಾಗ ಯಾವುದು ತಪ್ಪಿತೆಂದು ಹೊಸ ಕೈಗೆ ತಿಳಿಯದು. ನನ್ನನ್ನು ಕೇಳಿದರೆ ಮೊದಲ ಪ್ರೆಸ್ ಹಸಿರಿನಂಥದ್ದೇ ಆಗಬೇಕು: ನಿಧಾನದ್ದು, ಭಾರದ್ದು, ಮೇಜು ಅಲುಗದಂತೆ ಕೂತದ್ದು.

ಅವರು ಹಸಿರು ಪ್ರೆಸ್‌ನ ಹಿಡಿಕೆ ನನ್ನ ಕೈಗೆ ಕೊಟ್ಟರು. ಎಣ್ಣೆಯ ಪಸೆ ಸವರಿದ ತೋಟಾ ಮೇಲೇರಿ ಡೈಯೊಳಗೆ ಹೊಕ್ಕಿತು. ತುಸು ಬಿಗಿ, ಆಮೇಲೆ ಜಾರು, ಕೊನೆಗೆ ‘ಟಿಕ್’ ಎಂದು ಹಳೆಯ ಕೇಪು ಕೆಳಗಿನ ಡಬ್ಬಿಗೆ ಬಿತ್ತು. ಆ ಪಸೆ ಮರೆತರೆ ತೋಟಾ ಡೈಯಲ್ಲೇ ಕಚ್ಚಿಕೊಂಡು ಬಿಡುತ್ತದಂತೆ. ಹೊಸ ಕೇಪು ಕೂರಿಸಿ ಬೆರಳಿಂದ ಸವರಿ ನೋಡಬೇಕು. ಅದು ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು.

ನನ್ನಜ್ಜ ಮಲೆನಾಡಿನ ಮನೆಯಲ್ಲಿ ಕೇಪಿನ ಕೋವಿ ತುಂಬುತ್ತಿದ್ದುದು ಕಣ್ಣಂದಾಜಿನಲ್ಲಿ: ಅಂಗೈಯಲ್ಲಿ ಕರಿಮದ್ದು, ತೆಂಗಿನ ನಾರು, ಚರೆ, ಗಜದಿಂದ ನಾಲ್ಕು ಜಡಿತ. ಇಲ್ಲಿನ ಹೊಗೆಯಿಲ್ಲದ ಮದ್ದಿನ ಮುಂದೆ ಅಂದಾಜು ನಡೆಯದು. ಅದನ್ನು ತೂಗುವುದು ಗ್ರೇನ್‌ನಲ್ಲಿ; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಗುಲಗಂಜಿಯ ತೂಕದ ಅರ್ಧದಷ್ಟು. ನಮ್ಮ ಹಳೆಯ ತೊಲವನ್ನು ಬ್ರಿಟಿಷರು 1833ರಲ್ಲಿ ನಿಗದಿ ಮಾಡಿದ್ದು 180 ಗ್ರೇನ್‌ಗೆ. ಪಕ್ಕದ ಮನೆಯವರು ನನ್ನ ಅಂಗೈಗಿಟ್ಟ ತಾಮ್ರ ಹೊದಿಸಿದ ಗುಂಡೂ 180 ಗ್ರೇನ್‌ನದೇ. ಅಕ್ಕಸಾಲಿಗರ ತಕ್ಕಡಿಯಲ್ಲಿ ಸರಿಯಾಗಿ ಒಂದು ತೊಲ!

ಮದ್ದಿನ ಅಳತೆಯನ್ನು ಕೈಪಿಡಿ ನೋಡಿಯೇ ತೆಗೆದುಕೊಳ್ಳಬೇಕು. ಅದರಲ್ಲಿ ಕೊಟ್ಟ ಕನಿಷ್ಠದಿಂದಲೇ ಶುರು. ಮದ್ದು ತುಂಬಿದ ಐವತ್ತು ತೋಟಾಗಳನ್ನು ಚೆನ್ನೆಮಣೆಯಂಥ ಗುಳಿ ಹಲಗೆಯಲ್ಲಿ ನಿಲ್ಲಿಸಿ, ಅವರು ಟಾರ್ಚ್ ಬಿಟ್ಟು ಒಂದೊಂದರ ಬಾಯಿಯಲ್ಲೂ ಇಣುಕಿದರು. ಪಿಸ್ತೂಲಿನ ಚಿಕ್ಕ ತೋಟಾದಲ್ಲಂತೂ ಎರಡು ಪಾಲು ಮದ್ದು ಬಿದ್ದರೂ ಹೊರಗೆ ಚೆಲ್ಲದೆ ಅಡಗಿ ಕೂರಬಹುದು, ಹಾರಿಸಿದ ಕೈಯಲ್ಲೇ ಪಿಸ್ತೂಲು ಸಿಡಿಯಬಹುದು. ಮದ್ದೇ ಬೀಳದಿದ್ದರೂ ಅಪಾಯ. ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿ, ಹಿಂದಿನಿಂದ ಬರುವ ಇನ್ನೊಂದು ಗುಂಡಿಗೆ ದಾರಿ ಕಟ್ಟುತ್ತದೆ. ಆ ಐವತ್ತನ್ನು ನೋಡಿ ಮುಗಿಸುವವರೆಗೆ ಅವರು ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಮೂವತ್ತೇಳನೆಯದರ ಕತ್ತಿನಲ್ಲಿ ಕೂದಲಿನಂಥ ಬಿರುಕು. ಅದರ ಮದ್ದನ್ನು ಬಸಿದು, ಕೇಪನ್ನು ನಿಧಾನ ಹೊರತಳ್ಳಿ, ಹಿತ್ತಾಳೆಯನ್ನು ಇಕ್ಕಳದಿಂದ ಹಿಸುಕಿ ಗುಜರಿ ಡಬ್ಬಿಗೆ ಹಾಕಿದರು. ಉಳಿದವಕ್ಕೆ ಗುಂಡು ಕೂರಿಸಿ, ಪೆಟ್ಟಿಗೆಯ ಮೇಲೆ ತಾರೀಖು, ಮದ್ದಿನ ಹೆಸರು, ತೂಕ ಬರೆದರು. ತಕ್ಕಡಿಯ ಪಕ್ಕ ಉಳಿದಿದ್ದ ಮದ್ದನ್ನು ಅದರದೇ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದು, ಸೀಸದ ಧೂಳು ಹೋಗುವಂತೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆದೆವು. ಆಮೇಲಷ್ಟೇ ಅವರು ಕಾಫಿಗೆ ಮೇಲೆ ಕರೆದರು.