ಅಲಸಂದೆಯ ನಂಜಾಣು: ಬೆಳೆಗೆ ರೋಗ, ವೈದ್ಯಕೀಯಕ್ಕೆ ಸಾಧನ

ಅಲಸಂದೆ, ಟೊಮ್ಯಾಟೊ, ಮೆಣಸಿನಕಾಯಿ ಬೆಳೆಯುವ ರೈತರಿಗೆ ಮೊಸಾಯಿಕ್ ನಂಜುರೋಗವೆಂದರೆ ನಷ್ಟವೇ ಸರಿ. ಆದರೆ ಅಂತಹ ರೋಗ ತರುವ ಕೆಲವು ನಂಜಾಣುಗಳನ್ನೇ (ವೈರಸ್) ವಿಜ್ಞಾನಿಗಳು ಇಂದು ಔಷಧಿಯಾಗಿ, ಔಷಧಿ ಸಾಗಿಸುವ ಅತಿಸೂಕ್ಷ್ಮ ವಾಹಕಗಳಾಗಿ ರೂಪಿಸುತ್ತಿದ್ದಾರೆ.

ಈ ನಂಜಾಣುಗಳ ರಚನೆ ಸರಳವಾದುದು: ಒಳಗೆ ಆನುವಂಶಿಕ ವಸ್ತು, ಹೊರಗೆ ಪ್ರೋಟೀನ್ ಕವಚ. ಗಿಡದಲ್ಲಿ ವೃದ್ಧಿಯಾಗಲು ಬೇಕಾದ ಸೂಚನೆಗಳೆಲ್ಲ ಒಳಗಿನ ವಸ್ತುವಿನಲ್ಲಿವೆ. ಅದನ್ನು ತೆಗೆದರೆ ಉಳಿಯುವುದು ಖಾಲಿ ಪೆಟ್ಟಿಗೆ. ಅಲಸಂದೆ ಮೊಸಾಯಿಕ್ ನಂಜಾಣುವಿನ ಕವಚದ ಅಡ್ಡಳತೆ ಸುಮಾರು 30 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಎರಡು ಬಗೆಯ ಪ್ರೋಟೀನುಗಳ ತಲಾ 60 ಪ್ರತಿಗಳು ಜೋಡಣೆಗೊಂಡು ಈ ಕವಚವಾಗುತ್ತದೆ. ಕಣಗಳೆಲ್ಲವೂ ಒಂದೇ ಅಳತೆ, ಒಂದೇ ಆಕಾರ. ಪ್ರಯೋಗಾಲಯದ ರಾಸಾಯನಿಕ ವಿಧಾನಗಳಿಂದ ಇಷ್ಟು ಕರಾರುವಾಕ್ಕಾಗಿ ತಯಾರಿಸುವುದು ಬಹು ಕಷ್ಟ. ಗಿಡದ ಎಲೆ ಅದನ್ನು ಸಲೀಸಾಗಿ ಮಾಡುತ್ತದೆ.

ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಕೇಂದ್ರದಲ್ಲಿ ಇಂತಹ ಖಾಲಿ ಕವಚಗಳನ್ನು ತಂಬಾಕಿನ ಸಂಬಂಧಿ ಸಸ್ಯವೊಂದರ ಎಲೆಗಳಲ್ಲಿ ಉತ್ಪಾದಿಸಲಾಯಿತು. ಇವು ಗಿಡಕ್ಕೂ ಸೋಂಕು ತರಲಾರವು. ಅಮೆರಿಕದಲ್ಲಿ ಸ್ಟೀವನ್ ಫಿಯರಿಂಗ್, ನಿಕೋಲ್ ಸ್ಟೈನ್‌ಮೆಟ್ಜ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಕವಚಗಳನ್ನು ಇಲಿಗಳ ಕ್ಯಾನ್ಸರಿನ ಮೇಲೆ ಪ್ರಯೋಗಿಸಿದರು. ಕವಚವು ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ ರೋಗನಿರೋಧಕ ಕಣಗಳು ಅದನ್ನು ಪರಕೀಯ ವಸ್ತುವೆಂದು ಗುರುತಿಸಿ ಎಚ್ಚರಗೊಳ್ಳುತ್ತವೆ. ಹಾಗೆ ಎಚ್ಚರಗೊಂಡವು ಅದುವರೆಗೆ ಕಡೆಗಣಿಸಿದ್ದ ಗಡ್ಡೆಯ ಮೇಲೂ ದಾಳಿಮಾಡುತ್ತವೆ. ಮುಂದೆ ಕ್ಯಾನ್ಸರ್‌ಪೀಡಿತ ಸಾಕುನಾಯಿಗಳಲ್ಲಿಯೂ ಪ್ರಯೋಗಗಳು ನಡೆದಿವೆ. ಮನುಷ್ಯರ ಚಿಕಿತ್ಸೆಗೆ ಇದು ಇನ್ನೂ ಮಂಜೂರಾಗಿಲ್ಲ.

ಕೃಷಿಕರಿಗೆ ಇನ್ನೂ ಹತ್ತಿರವಾದ ವಿಷಯ ಬೇರುಗಂಟು ಜಂತುಹುಳುವಿನದು. ಅಬಾಮೆಕ್ಟಿನ್‌ನಂತಹ ಜಂತುನಾಶಕಗಳು ಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವುದರಿಂದ ಮೇಲ್ಪದರದಲ್ಲೇ ಉಳಿಯುತ್ತವೆ. ಹುಳು ಇರುವುದು ಕೆಳಗೆ, ಬೇರಿನಲ್ಲಿ. ತಂಬಾಕಿನ ಸೌಮ್ಯ ಹಸಿರು ಮೊಸಾಯಿಕ್ ನಂಜಾಣು ಕಡ್ಡಿಯಾಕಾರದ್ದು. ಉದ್ದ 300, ದಪ್ಪ 18 ನ್ಯಾನೋಮೀಟರ್. ಸ್ಟೈನ್‌ಮೆಟ್ಜ್ ಅವರ ತಂಡವು 2019ರಲ್ಲಿ ತೋರಿಸಿದಂತೆ, ಈ ಕಣಗಳು ಮಣ್ಣಿನಲ್ಲಿ ನೀರಿನೊಂದಿಗೆ 30 ಸೆಂಟಿಮೀಟರ್ ಆಳದವರೆಗೂ ಇಳಿಯಬಲ್ಲವು. ಕಣದೊಳಗೆ ಜಂತುನಾಶಕವನ್ನು ತುಂಬಿದರೆ ಕಡಿಮೆ ಪ್ರಮಾಣವೇ ಸಾಕಾಗಬಹುದೆಂಬುದು ನಿರೀಕ್ಷೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಟೊಮ್ಯಾಟೊ, ದಾಳಿಂಬೆ ಬೆಳೆಗಾರರು ಗಮನಿಸಬೇಕಾದ ಸಂಶೋಧನೆಯಿದು. ಆದರೆ ಈ ನಂಜಾಣು ಮೆಣಸಿನಕಾಯಿ ಜಾತಿಯ ಬೆಳೆಗಳಿಗೂ ತಗುಲುವುದರಿಂದ, ಹೊಲಕ್ಕೆ ಬರುವ ಮೊದಲು ಅದನ್ನು ಸಂಪೂರ್ಣ ನಿಷ್ಕ್ರಿಯಗೊಳಿಸುವುದು ಅನಿವಾರ್ಯ.

ವಿಸ್ತರಣಾ ಕಾರ್ಯಕರ್ತರು ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ನಮ್ಮ ಹೊಲಗಳಲ್ಲಿ ಕಾಣುವ ಅಲಸಂದೆ ಮೊಸಾಯಿಕ್ ಬಹುಪಾಲು ಸಸ್ಯಹೇನು ಅಥವಾ ಬಿಳಿನೊಣಗಳಿಂದ ಹರಡುವ ಬೇರೆ ನಂಜಾಣುಗಳದ್ದು. ಮೇಲೆ ಹೇಳಿದ ನಂಜಾಣುವನ್ನು ಹರಡುವುದು ದುಂಬಿಗಳು. ರೋಗಪೀಡಿತ ಎಲೆಯ ರಸ ಔಷಧಿಯಲ್ಲ, ಅದನ್ನು ಯಾರೂ ಸೇವಿಸಬಾರದು. ರೋಗ ಕಂಡ ಗಿಡಗಳನ್ನು ಆರಂಭದಲ್ಲೇ ಕಿತ್ತು ನಾಶಪಡಿಸಿ, ಅಂತಹ ಹೊಲದ ಬೀಜವನ್ನು ಬಿತ್ತನೆಗೆ ಉಳಿಸಿಕೊಳ್ಳಬೇಡಿ. ತಂಬಾಕು, ಬೀಡಿ ಮುಟ್ಟಿದ ಕೈಗಳನ್ನು ಸೋಪಿನಿಂದ ತೊಳೆದ ನಂತರವೇ ಟೊಮ್ಯಾಟೊ, ಮೆಣಸಿನ ಸಸಿಗಳನ್ನು ಮುಟ್ಟಿರಿ.