ಸಾಹಿತ್ಯ ಪತ್ರಿಕೆಯ ಕಾಣದ ಕೈಗಳು

ಪತ್ರಿಕೆಗಳ ಮಾರ್ಚ್ ಸಂಚಿಕೆ ತಿರುವಿ ಹಾಕಿದವರಿಗೆ ‘ನಮೂನೆ 4’ ಎಂಬ ಪುಟ್ಟ ಚೌಕಟ್ಟು ನೆನಪಿರುತ್ತದೆ. ಪ್ರಕಟವಾಗುವ ಊರು, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಒಡೆತನ ಯಾರದು: ಕಾಯ್ದೆ ಕೇಳುವ ವಿವರ ಇಷ್ಟೆ. ಮೊಳೆ ಜೋಡಿಸಿದವರು, ಕರಡು ತಿದ್ದಿದವರು, ಫಾರ್ಮು ಮಡಚಿ ಪಿನ್ನು ಹೊಡೆದವರು, ವಿಳಾಸ ಬರೆದವರು, ಊರೂರು ತಿರುಗಿ ಚಂದಾ ಎತ್ತಿದವರು, ಕೊನೆಗೆ ಮನೆ ಬಾಗಿಲಿಗೆ ತಂದುಕೊಟ್ಟವರು, ಇವರ ಹೆಸರನ್ನು ಯಾವ ಕಾಯ್ದೆಯೂ ಕೇಳಿಲ್ಲ. ಕನ್ನಡದ ಸಾಹಿತ್ಯ ಪತ್ರಿಕೆ ನೂರಕ್ಕೂ ಹೆಚ್ಚು ವರ್ಷ ಬದುಕಿದ್ದು ಇವರ ದುಡಿಮೆಯಿಂದ. ಕೊಪ್ಪಳ ಜಿಲ್ಲೆಯ ಯಲಬುರ್ಗಾದಂಥ ಊರಿನ ಓದುಗರಿಗೆ ಇವರ ಋಣ ಇನ್ನೂ ಹೆಚ್ಚು. ದಿನಪತ್ರಿಕೆ ಬಸ್ಸಿನಲ್ಲಿ ಬಂದು ಅಂಗಡಿಯಲ್ಲಿ ತೂಗುತ್ತದೆ. ಸಾಹಿತ್ಯ ಪತ್ರಿಕೆ ಹಾಗಲ್ಲ. ಯಾರೋ ಒಬ್ಬರು ನಮ್ಮ ಹೆಸರು, ನಮ್ಮ ಓಣಿ, ನಮ್ಮ ಊರು ಬರೆದು ಕಳಿಸಿದರೆ ಮಾತ್ರ ಅದು ಇಲ್ಲಿಗೆ ಮುಟ್ಟುತ್ತದೆ.

ಗಡಿ ದಾಟಿ ಬಂದ ಓದು

ಯಲಬುರ್ಗಾ ಸೀಮೆ 1948ರ ಸೆಪ್ಟೆಂಬರಿನವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳದಂತೆ ಇದೂ ಸಾಲಾರಜಂಗರ ಜಹಗೀರು. ಕಚೇರಿಯ ಕಾಗದಪತ್ರ ಉರ್ದುವಿನಲ್ಲಿ ನಡೆಯುತ್ತಿದ್ದವು. ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ ಇತ್ತು. ಪಶ್ಚಿಮಕ್ಕೆ ಗಡಿ ದಾಟಿದರೆ ರೋಣ, ಗದಗ, ಅದರಾಚೆ ಧಾರವಾಡ. ಅದು ಮುಂಬೈ ಪ್ರಾಂತ್ಯ. ಕನ್ನಡದ ಛಾಪಖಾನೆಗಳು, ಕನ್ನಡದ ಮಾಸಪತ್ರಿಕೆಗಳು ಅಲ್ಲಿದ್ದವು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲೇ ‘ವಾಗ್ಭೂಷಣ’ ಹೊರಡಿಸಿತ್ತು. 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’ ಬಂತು, 1938ರಲ್ಲಿ ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’ ಬಂತು. ಗಡಿಯ ಈಚೆ ಇದ್ದ ನಮ್ಮ ಹಿರಿಯರಿಗೆ ಇಂಥ ಪತ್ರಿಕೆಯ ಒಂದು ಸಂಚಿಕೆ ಇನ್ನೊಂದು ಸರ್ಕಾರದ ನೆಲದಿಂದ ಬಂದ ತಮ್ಮದೇ ಭಾಷೆಯ ಮಾತು.

ಆಗ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಬೆಳೆದದ್ದು ಈ ಕಾಲದಲ್ಲಿ. ‘ಕಾವ್ಯಾನಂದ’ರಾಗಿ ಕನ್ನಡ ನಾಡಿಗೆಲ್ಲ ಪರಿಚಿತರಾದ ಅವರು 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸೀಮೆಯೊಂದು ಕವಿಯನ್ನು ಕೊಡಬಹುದು. ಆದರೆ ಕವಿಗೂ ಓದುಗನಿಗೂ ನಡುವೆ ಹಾದಿ ಬೇಕು. ಆ ಹಾದಿ ಮಾಡಿಕೊಟ್ಟವರಲ್ಲಿ ಮುಖ್ಯರಾದ ಮೂವರು ನಮ್ಮ ನೆರೆಹೊರೆಯ ಊರುಗಳವರು.

ಹೊಂಬಳ, ಗದಗ, ಅಬ್ಬಿಗೇರಿ

ಗದಗ ತಾಲ್ಲೂಕಿನ ಹೊಂಬಳದಲ್ಲಿ 1904ರಲ್ಲಿ ಹುಟ್ಟಿದ ಜಿ.ಬಿ. ಜೋಶಿಯವರು ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು. ‘ಸತ್ತವರ ನೆರಳು’ ಅವರದೇ. ಅಷ್ಟು ಬರೆಯಬಲ್ಲವರು ತಮ್ಮ ಆಯುಷ್ಯದ ಬಹುಪಾಲನ್ನು ಬೇರೆಯವರ ಬರಹಕ್ಕೆ ಕೊಟ್ಟರು. 1933ರಲ್ಲಿ ಧಾರವಾಡದಲ್ಲಿ ಅವರು ಕಟ್ಟಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದಿಂದ. ಓದುಗರು ಮೊದಲೇ ಚಂದಾ ಕೊಡಬೇಕು, ಪ್ರಕಾಶಕರು ವರ್ಷವಿಡೀ ಪುಸ್ತಕ ಮುಟ್ಟಿಸಬೇಕು. ಇದಕ್ಕೆ ಒಳ್ಳೆಯ ಅಭಿರುಚಿಯೊಂದೇ ಸಾಲದು. ಗಂಟು ಹೊತ್ತು ಊರೂರು ತಿರುಗುವ ಕಾಲು ಬೇಕು, ಮನೆಮನೆಯಲ್ಲಿ ಕೂತು ಮಾತಾಡುವ ತಾಳ್ಮೆ ಬೇಕು, ಯಾರ ಚಂದಾ ಬಂತು ಯಾರದು ಬಾಕಿ ಎಂದು ಬರೆದಿಡುವ ಶಿಸ್ತು ಬೇಕು. ಜೋಶಿಯವರಲ್ಲಿ ಈ ಮೂರೂ ಇದ್ದವು.

ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದವರು ಗದಗಿನ ಕೀರ್ತಿನಾಥ ಕುರ್ತಕೋಟಿ. ಬಂದ ಹಸ್ತಪ್ರತಿಯನ್ನು ಮೊದಲು ಓದುವುದು, ಅಚ್ಚಾಗಲು ಯೋಗ್ಯವೋ ಅಲ್ಲವೋ ಹೇಳುವುದು, ಎಲ್ಲಿ ಬಿಗಿಯಾಗಬೇಕೆಂದು ಲೇಖಕರಿಗೆ ತಿಳಿಸುವುದು, ಇದು ಅವರ ಪಾಲಿನ ಕೆಲಸ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಆಗ ಲೇಖಕರಿಗೆ ಇಪ್ಪತ್ತಮೂರು ವರ್ಷ. ಹೆಸರಿಲ್ಲದ ತರುಣನ ಬರಹವನ್ನು ಮೊದಲು ನಂಬುವವರು ಪತ್ರಿಕೆ, ಪ್ರಕಾಶನಗಳ ಒಳಮನೆಯಲ್ಲಿ ಕೂತ ಇಂಥ ಓದುಗರು. ನಾಟಕ ಗೆದ್ದಾಗ ಚಪ್ಪಾಳೆ ನಾಟಕಕಾರರಿಗೆ, ನಟರಿಗೆ ಹೋಗುತ್ತದೆ, ಅದು ಸರಿಯೇ. ಆದರೆ ಆ ಮೊದಲ ನಂಬಿಕೆ ಇಲ್ಲದಿದ್ದರೆ ಹಸ್ತಪ್ರತಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಮೂರನೆಯವರು ಯಲಬುರ್ಗಾಕ್ಕೆ ಹತ್ತಿರವೇ ಇರುವ ರೋಣ ಸೀಮೆಯ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ. 1964ರಲ್ಲಿ ಅವರು, ಚಂದ್ರಶೇಖರ ಪಾಟೀಲ (ಚಂಪಾ), ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ ಧಾರವಾಡದಿಂದ ‘ಸಂಕ್ರಮಣ’ ಹೊರಡಿಸಿದರು. ಮೂವರಿಗೂ ಇಪ್ಪತ್ತೈದರ ಆಸುಪಾಸು. ಮುಂದೆ ಪತ್ರಿಕೆಯ ಭಾರ ಚಂಪಾ ಒಬ್ಬರ ಹೆಗಲಿಗೇ ಬಂತು, ಅವರು ಅದನ್ನು ದಶಕಗಳ ಕಾಲ ಹೊತ್ತರು. ಕವಿ, ನಾಟಕಕಾರ, ಚಳವಳಿಗಾರ ಎಂದು ಹೆಸರಾದ ಚಂಪಾ ಸಭೆ ಸಮಾರಂಭಗಳಿಗೆ ಹೋದಲ್ಲೆಲ್ಲ ಚಂದಾದಾರರನ್ನು ಹುಡುಕಿದವರು, ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು. ಅದನ್ನು ಸಣ್ಣ ಕೆಲಸವೆಂದು ಅವರು ಎಂದೂ ತಿಳಿಯಲಿಲ್ಲ. ಉತ್ತರ ಕರ್ನಾಟಕದ ಎಷ್ಟೋ ತಲೆಮಾರಿನ ಹೊಸ ಕವಿಗಳ ಸಾಲು ಅಚ್ಚಿನಲ್ಲಿ ಕಂಡದ್ದಕ್ಕೆ ಆ ಪಟ್ಟು ಕಾರಣ.

ಹಳೆ ಮೈಸೂರಿನ ಕಥೆಯೂ ಬೇರೆಯಲ್ಲ. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಮಾಸ್ತಿಯವರು ‘ಜೀವನ’ವನ್ನು 1965ರವರೆಗೆ ಎರಡು ದಶಕ ನಡೆಸಿದರು. ಅಡಿಗರು 1962ರಲ್ಲಿ ‘ಸಾಕ್ಷಿ’ ಆರಂಭಿಸಿದರು. 1973ರಿಂದ ‘ಶೂದ್ರ’, 1981ರಿಂದ ‘ರುಜುವಾತು’, 2005ರಿಂದ 2012ರವರೆಗೆ ವಿವೇಕ ಶಾನಭಾಗರ ‘ದೇಶ ಕಾಲ’ ಬಂದವು. ಪ್ರತಿ ಪತ್ರಿಕೆಯನ್ನೂ ಒಬ್ಬ ಸಂಪಾದಕರ ಹೆಸರಿನಿಂದ ನೆನೆಯುತ್ತೇವೆ. ಆ ಒಬ್ಬರ ಸುತ್ತ ಹತ್ತಾರು ಜನ ಇರುತ್ತಿದ್ದರು.

ತಿರುವುಮುರುವು ಅಕ್ಷರ ಓದುವವರು

ಮೊದಲು ಮೊಳೆ ಜೋಡಿಸುವವರು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ಕನ್ನಡಕ್ಕೆ ಗುಣಿತ, ಒತ್ತು, ಅರ್ಕಾವತ್ತು ಸೇರಿ ಮೊಳೆಪೆಟ್ಟಿಗೆಯಲ್ಲಿ ನೂರಾರು ಮನೆ. ಯಾವ ಮನೆಯಲ್ಲಿ ಯಾವ ಅಕ್ಷರವೆಂದು ಕಂಪೋಜಿಟರನ ಕೈಗೆ ಗೊತ್ತಿರಬೇಕು. ಎಡಗೈಯಲ್ಲಿ ಹಿಡಿದ ಸ್ಟಿಕ್ಕಿಗೆ ಬಲಗೈ ಒಂದೊಂದೇ ಮೊಳೆ ಎತ್ತಿ ಇಡುತ್ತ ಹೋಗುತ್ತದೆ, ಕಣ್ಣು ತಿರುವುಮುರುವಾದ ಅಕ್ಷರವನ್ನು ಓದುತ್ತ ಹೋಗುತ್ತದೆ. ಸಾಲುಗಳು ಗ್ಯಾಲಿಗೆ ಇಳಿದ ಮೇಲೆ ಮಸಿ ಸವರಿ ಕರಡಚ್ಚು ತೆಗೆಯುತ್ತಾರೆ. ತಿದ್ದುಪಡಿಯಾದ ಮೇಲೆ ಪುಟ ಕಟ್ಟುತ್ತಾರೆ, ಚೌಕಟ್ಟಿನಲ್ಲಿ ಬಿಗಿದು ಟ್ರೆಡಲ್ಲಿಗೆ ಏರಿಸುತ್ತಾರೆ. ಅಚ್ಚಾದ ಮೇಲೆ ಅದೇ ಮೊಳೆಗಳನ್ನು ತೊಳೆದು, ಬಿಡಿಸಿ, ಮತ್ತೆ ಅವುಗಳ ಮನೆಗೆ ಸೇರಿಸಬೇಕು.

ಸಣ್ಣ ಛಾಪಖಾನೆಗಳಲ್ಲಿ ಇಡೀ ಸಂಚಿಕೆಗೆ ಸಾಲುವಷ್ಟು ಮೊಳೆ ಇರುತ್ತಿರಲಿಲ್ಲ. ಎಂಟೋ ಹದಿನಾರೋ ಪುಟದ ಒಂದು ಫಾರ್ಮು ಅಚ್ಚಾಗಿ, ಮೊಳೆ ಬಿಡಿಸಿದ ಮೇಲೆಯೇ ಮುಂದಿನ ಫಾರ್ಮು. ಕರಡು ತಿದ್ದುವವರು ಒಂದು ದಿನ ತಡ ಮಾಡಿದರೆ ಮೊಳೆಗಳು ಅಲ್ಲೇ ಸಿಕ್ಕಿಕೊಂಡು ಇಡೀ ಛಾಪಖಾನೆಯ ಕೆಲಸ ನಿಲ್ಲುತ್ತಿತ್ತು. ಆದ್ದರಿಂದ ಸಂಜೆ ಕಾಲೇಜು ಬಿಟ್ಟ ಮೇಲೆ ಸೀದಾ ಛಾಪಖಾನೆಗೆ ಬಂದು ಕೂತು, ರಾತ್ರಿ ಕರಡು ತಿದ್ದಿ ಕೊಟ್ಟು ಮನೆಗೆ ಹೋಗುವ ಮೇಷ್ಟ್ರುಗಳ ದೊಡ್ಡ ಪರಂಪರೆಯೇ ಕನ್ನಡದಲ್ಲಿದೆ. ಅದಕ್ಕೆ ಸಂಬಳವಿರಲಿಲ್ಲ.

ಕರಡು ತಿದ್ದುವವರ ಜಾಣತನ ತಪ್ಪು ಹುಡುಕುವುದರಲ್ಲಿ ಅರ್ಧ, ತಪ್ಪಲ್ಲದ್ದನ್ನು ಮುಟ್ಟದೆ ಬಿಡುವುದರಲ್ಲಿ ಇನ್ನರ್ಧ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ತಿದ್ದಬೇಕು. ಆದರೆ ಕೊಪ್ಪಳ ಸೀಮೆಯ ಕಥೆಯೊಳಗಿನ ಮುದುಕಿ ‘ಬಂದಾನ’ ಎಂದರೆ ಅದನ್ನು ‘ಬಂದಿದ್ದಾನೆ’ ಮಾಡಬಾರದು. ನಮ್ಮ ಕಡೆಯ ಮಾತು ತನ್ನ ಕಸುವಿನೊಂದಿಗೇ ಅಚ್ಚಾಗಬೇಕಾದರೆ ಆ ಮಾತು ಬಲ್ಲವರೊಬ್ಬರು ಕರಡಿನ ಮುಂದೆ ಕೂತಿರಬೇಕು. ಆಡುಮಾತಿನ ಒಳ್ಳೆಯ ಕಥೆಗಳ ಹಿಂದೆ ಇಂಥ ತಿಳಿವಳಿಕೆಯ ಕಣ್ಣುಗಳಿವೆ.

ಮೊಳೆಗಳ ಕಾಲ ಮುಗಿದು ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಕೆಲಸ ಹಗುರವಾಯಿತು ಎಂದು ಹೊರಗಿನವರಿಗೆ ಅನಿಸುತ್ತದೆ. ಹೊಸ ಕಾಲಕ್ಕೆ ಹೊಸ ತೊಡಕು. ಒಬ್ಬ ಲೇಖಕರು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡುತ್ತಾರೆ, ಇನ್ನೊಬ್ಬರು ‘ಬರಹ’ದಲ್ಲಿ, ಮತ್ತೊಬ್ಬರು ಫೋನಿನಲ್ಲಿ ಯೂನಿಕೋಡಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಜಾಗ ಬಿಡುತ್ತದೆ, ಕವಿತೆಯ ಸಾಲು ಅರ್ಧಕ್ಕೆ ಮುರಿಯುತ್ತದೆ. ಇವನ್ನೆಲ್ಲ ಹೆಕ್ಕಿ ಸರಿಪಡಿಸುವ ಡಿಟಿಪಿಯವರು ಹಳೆಯ ಕಂಪೋಜಿಟರನ ನೇರ ವಾರಸುದಾರರು. ಬಹಳಷ್ಟು ಕಡೆ ಈ ಕೆಲಸದಲ್ಲಿರುವವರು ಹೆಣ್ಣುಮಕ್ಕಳು. ಹೊಸ ಕವಿತೆಯ ಮೊದಲ ಓದುಗರಲ್ಲಿ ಅವರೂ ಒಬ್ಬರು.

ಮುದ್ರಣವಾದ ಮೇಲಿನ ದುಡಿಮೆ

ಸಂಚಿಕೆ ಅಚ್ಚಾಗಿ ಬಂದ ದಿನ ಸಂಪಾದಕರ ಮನೆ ಅಂಚೆ ಕಚೇರಿಯಾಗುತ್ತದೆ. ಪಡಸಾಲೆಯಲ್ಲಿ ಗಂಟು ಬಿಚ್ಚಿ, ಒಬ್ಬರು ರ‍್ಯಾಪರ್ ಸುತ್ತುತ್ತಾರೆ, ಒಬ್ಬರು ಅಂಟು ಹಚ್ಚುತ್ತಾರೆ, ಒಬ್ಬರು ವಹಿ ನೋಡಿ ವಿಳಾಸ ಬರೆಯುತ್ತಾರೆ, ಮಕ್ಕಳು ಅಂಚೆಚೀಟಿ ಅಂಟಿಸುತ್ತಾರೆ. ಸಂಪಾದಕರ ಹೆಂಡತಿ ಎಂಬ ಕಾರಣಕ್ಕೇ ಈ ಕೆಲಸವನ್ನು ಇಡೀ ಆಯುಷ್ಯ ಮಾಡಿದ ಎಷ್ಟೋ ತಾಯಂದಿರು ಕನ್ನಡ ನಾಡಿನಲ್ಲಿದ್ದಾರೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಒಂದು ಪ್ಯಾರಾ ಕೂಡ ಇಲ್ಲ. ಅದು ಅನ್ಯಾಯ, ಮುಂದೆ ಬರೆಯುವವರು ಸರಿಪಡಿಸಬೇಕಾದ ಅನ್ಯಾಯ.

ಅಂಚೆಯ ನಿಯಮಗಳನ್ನು ಬಲ್ಲವರೂ ಈ ಬಳಗಕ್ಕೆ ಬೇಕು. 1898ರ ಅಂಚೆ ಕಾಯ್ದೆಯ ಪ್ರಕಾರ ಪತ್ರಿಕೆಗೆ ರಿಯಾಯಿತಿ ದರ ಸಿಗಬೇಕಾದರೆ ಅದು 31 ದಿನ ಮೀರದ ಅಂತರದಲ್ಲಿ ಪ್ರಕಟವಾಗಬೇಕಿತ್ತು, ನಿಜವಾದ ಚಂದಾದಾರರ ಪಟ್ಟಿ ಹೊಂದಿರಬೇಕಿತ್ತು. ಮಾಸಪತ್ರಿಕೆ ಪೈಸೆಗಳ ಲೆಕ್ಕದಲ್ಲಿ ಹೋಗುತ್ತಿತ್ತು. ದ್ವೈಮಾಸಿಕ, ತ್ರೈಮಾಸಿಕಗಳಿಗೆ ಆ ಸೌಲಭ್ಯವಿರಲಿಲ್ಲ. ಗಂಭೀರ ಸಾಹಿತ್ಯ ಪತ್ರಿಕೆಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳಿಗೊಮ್ಮೆ ಬರುವಂಥವು. ಹೀಗಾಗಿ ಯಾವ ಪತ್ರಿಕೆಯ ಕೈಯಲ್ಲಿ ದುಡ್ಡು ಕಡಿಮೆಯೋ ಅದಕ್ಕೇ ಅಂಚೆಯ ಖರ್ಚು ಹೆಚ್ಚಾಗುತ್ತಿತ್ತು. ಕಡಿಮೆ ದರದಲ್ಲಿ ಪುಸ್ತಕ, ಪತ್ರಿಕೆ ಕಳಿಸಲು ಪ್ರಕಾಶಕರು ನಂಬಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯೂ 2024ರ ಡಿಸೆಂಬರಿನಲ್ಲಿ ನಿಂತಿತು. ಸಾದಾ ಅಂಚೆಯಲ್ಲಿ ಕಳಿಸಿದ ಪ್ರತಿ ಕಳೆದರೆ ಗುರುತಿಲ್ಲ, ಮತ್ತೊಂದು ಪ್ರತಿ ಕಳಿಸಬೇಕು.

ಇಷ್ಟಾದ ಮೇಲೆ ನಮ್ಮ ಪೋಸ್ಟ್‌ಮನ್ನರ ಪಾಲು ಬರುತ್ತದೆ. ಹಳ್ಳಿಯ ಅಂಚೆಯವರಿಗೆ ಮನೆ ಸಂಖ್ಯೆ ಬೇಕಿಲ್ಲ. ‘ಮೇಷ್ಟ್ರು, ಅಗಸಿ ಹತ್ತಿರ’ ಎಂದಿದ್ದರೆ ಸಾಕು. ವರ್ಗವಾಗಿ ಹೋದ ಮೇಷ್ಟ್ರ ಪತ್ರಿಕೆಯನ್ನು ಹೊಸ ಊರಿನ ಹೆಸರು ಬರೆದು ಮುಂದಕ್ಕೆ ಕಳಿಸುವವರೂ ಅವರೇ. ನೂರಾರು ಮೈಲಿ ದಾಟಿ ಬಂದ ಸಂಚಿಕೆ ಕೊನೆಯ ಮೈಲಿಯಲ್ಲಿ ಉಳಿಯುವುದು ಅವರ ನೆನಪಿನಿಂದ.

ಪತ್ರಿಕೆ ನಿಲ್ಲುವುದು ಏಕೆ

ಸಾಹಿತ್ಯ ಪತ್ರಿಕೆಯೊಂದು ನಿಂತಾಗ ಒಳ್ಳೆಯ ಬರಹ ಬರುತ್ತಿಲ್ಲ, ಓದುಗರು ಇಲ್ಲ ಎಂದು ಕಾರಣ ಕೊಡುತ್ತೇವೆ. ಅನೇಕ ಸಲ ಕಾರಣ ಅದಲ್ಲ. ಕರಡು ತಿದ್ದುತ್ತಿದ್ದ ಮೇಷ್ಟ್ರಿಗೆ ಕಣ್ಣು ಮಂಜಾಯಿತು, ವಿಳಾಸ ಬರೆಯುತ್ತಿದ್ದ ತಾಯಿ ತೀರಿಕೊಂಡರು, ಸಾಲ ಕೊಡುತ್ತಿದ್ದ ಮುದ್ರಕರು ಛಾಪಖಾನೆ ಮುಚ್ಚಿದರು. ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಐನೂರು, ಸಾವಿರ ಪ್ರತಿ ಅಚ್ಚಾಗುವ ಪತ್ರಿಕೆಗೆ ಇಂಥ ಒಂದೊಂದು ಕೈ ಕಳೆದರೂ ದೊಡ್ಡ ಪೆಟ್ಟು. ಚಂದಾ ಮುಗಿದಿದೆ ಎಂಬ ಚೀಟಿ ಕಂಡೂ ನವೀಕರಿಸದ ಓದುಗರ ಪಾಲೂ ಇದರಲ್ಲಿದೆ. ಎಂದೋ ಕೊಟ್ಟ ಆಜೀವ ಚಂದಾ ಕೆಲವೇ ವರ್ಷಕ್ಕೆ ಕಾಗದ, ಅಂಚೆಯ ದರದಲ್ಲಿ ಕರಗಿಹೋಗುತ್ತದೆ. ಆದರೂ ಕೊಟ್ಟ ಮಾತಿಗೆ ಕಟ್ಟುಬಿದ್ದು ಪತ್ರಿಕೆಯವರು ಕಳಿಸುತ್ತಲೇ ಇರುತ್ತಾರೆ.

ಕೊಪ್ಪಳ ಜಿಲ್ಲೆಯ ನೆಲ ಎರಡು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿದೆ: 1993ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ ಕೊಪ್ಪಳದಲ್ಲಿ, 2011ರಲ್ಲಿ ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ಗಂಗಾವತಿಯಲ್ಲಿ. ಮೂರು ದಿನದ ಆ ಉತ್ಸವಗಳಿಗೆ ಜನ ಬಂದರು, ದುಡಿದರು, ಊಟ ಬಡಿಸಿದರು. ಅದೇ ಜನರಿಗೆ ವರ್ಷವಿಡೀ ಮಾಡುವ ಸಣ್ಣ ಕೆಲಸವೂ ಇದೆ. ಯಲಬುರ್ಗಾ, ಕುಕನೂರು, ಕುಷ್ಟಗಿಯ ಪ್ರತಿ ಕಾಲೇಜಿನ ಕನ್ನಡ ವಿಭಾಗ ಎರಡು ಸಾಹಿತ್ಯ ಪತ್ರಿಕೆಗೆ ಚಂದಾ ಕಟ್ಟಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಊರಿನ ಅನುಕೂಲಸ್ಥರು ಒಂದೊಂದು ಪತ್ರಿಕೆ ತರಿಸಿಕೊಡಲಿ. ನಿವೃತ್ತ ಶಿಕ್ಷಕರು ಕರಡು ತಿದ್ದಲು ಒಪ್ಪಿಕೊಳ್ಳಲಿ; ಈಗ ಕರಡು ಫೋನಿಗೇ ಬರುತ್ತದೆ, ಧಾರವಾಡಕ್ಕೆ ಹೋಗಬೇಕಿಲ್ಲ. ಯೂನಿಕೋಡ್ ಬಲ್ಲ ವಿದ್ಯಾರ್ಥಿಗಳು ಹಳೆಯ ಸಂಚಿಕೆಗಳನ್ನು ಟೈಪು ಮಾಡಿ ಉಳಿಸಲಿ. ಸಂಪಾದಕರು ತಮ್ಮ ಕಡೆಯಿಂದ ಒಂದು ಕೆಲಸ ಮಾಡಲಿ: ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಅಕ್ಷರ ಜೋಡಿಸಿದವರ, ಕರಡು ತಿದ್ದಿದವರ, ಕಟ್ಟಿ ಕಳಿಸಿದವರ ಹೆಸರು ಹಾಕಲಿ. ಕಾಯ್ದೆ ಕೇಳದಿದ್ದರೂ ಕೃತಜ್ಞತೆ ಕೇಳುತ್ತದೆ.