ಕನ್ನಡಕ ಹಾಕಿಕೊಂಡ ಸೂಕ್ಷ್ಮದರ್ಶಕ

ನನ್ನ ಮೊಮ್ಮಗಳಿಗೆ ಹೋದ ತಿಂಗಳು ಕನ್ನಡಕ ಬಂತು. ಶಾಲೆಗೆ ಹೊರಟವಳು ಗೇಟು ದಾಟಿದೊಡನೆ ಅದನ್ನು ತೆಗೆದು ಚೀಲಕ್ಕೆ ತುರುಕುತ್ತಿದ್ದಳು. ಹಲಗೆಯ ಮೇಲಿನ ಲೆಕ್ಕ ಕಾಣದೆ ತಪ್ಪು ಬರೆದು ಬರುತ್ತಿದ್ದಳು. ಕೇಳಿದರೆ, "ನನ್ನ ಕಣ್ಣು ಕೆಟ್ಟಿದೆ ಅಂತ ಎಲ್ಲರಿಗೂ ಯಾಕೆ ತೋರಿಸಬೇಕು ತಾತ?" ಎಂದು ಅತ್ತಳು.

ನಾನು ಪೀಣ್ಯದಲ್ಲಿ 30 ವರ್ಷ ಲೇಥ್ ನಡೆಸಿದವನು. ಉದ್ದನೆಯ ಶಾಫ್ಟ್ ತಿರುವುವಾಗ ಕೆಲವೊಮ್ಮೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಆಗುತ್ತಿತ್ತು. ಅದಕ್ಕಾಗಿ ಯಂತ್ರವನ್ನು ಬಿಸಾಡುತ್ತಿರಲಿಲ್ಲ. ಟೈಲ್‌ಸ್ಟಾಕನ್ನು ಕೂದಲೆಳೆಯಷ್ಟು ಎದುರು ದಿಕ್ಕಿಗೆ ಸರಿಸುತ್ತಿದ್ದೆವು. ಒಂದು ಓರೆಯನ್ನು ಇನ್ನೊಂದು ಓರೆ ನುಂಗಿಬಿಡುತ್ತಿತ್ತು. ಇದೇ ಉಪಾಯದ ಇನ್ನೊಂದು ಕಥೆಯನ್ನು ಅವಳಿಗೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

1931ರಲ್ಲಿ ಜರ್ಮನಿಯ ಎರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕ ಕಟ್ಟಿದರು. ಅದರಲ್ಲಿ ಗಾಜಿಲ್ಲ, ತಂತಿಸುರುಳಿಯ ಕಾಂತವೇ ಮಸೂರ. ಆದರೆ ಅದಕ್ಕೊಂದು ಹುಟ್ಟುದೋಷ. ಅಂಚಿನಲ್ಲಿ ಹಾದ ಎಲೆಕ್ಟ್ರಾನುಗಳು ಹೆಚ್ಚು ಬಾಗಿ, ನಡುವೆ ಹಾದವುಗಳಿಗಿಂತ ಮೊದಲೇ ಒಂದುಗೂಡುತ್ತವೆ. ಚುಕ್ಕಿಯಾಗಬೇಕಾದದ್ದು ಮಸುಕು ಮಚ್ಚೆಯಾಗುತ್ತದೆ. ಇದೇ ಗೋಳೀಯ ವಿಪಥನ.

ಗಾಜಾದರೆ ಪೀನ ಮಸೂರದ ಪಕ್ಕ ನಿಮ್ನ ಮಸೂರ ಇಟ್ಟು ಸರಿಪಡಿಸಬಹುದು. ದುಂಡು ಕಾಂತಕ್ಕೆ ಒಟ್ಟುಗೂಡಿಸುವುದಷ್ಟೇ ಗೊತ್ತು, ಹರಡುವುದು ಗೊತ್ತಿಲ್ಲ. ಅದರ ದೋಷ ತಪ್ಪಿದ್ದಲ್ಲ ಎಂದು 1936ರಲ್ಲಿ ಓಟೊ ಶೆರ್ಜರ್ ಲೆಕ್ಕ ಹಾಕಿ ತೋರಿಸಿದರು. 1947ರಲ್ಲಿ ಅವರೇ ದಾರಿಗಳನ್ನೂ ಸೂಚಿಸಿದರು. ದುಂಡಗಿಲ್ಲದ ಕಾಂತ ಬಳಸುವುದು ಅವುಗಳಲ್ಲೊಂದು.

ಅದು ಚೆನ್ನಾಗಿ ಕೈಗೂಡಲು ಮತ್ತೆ 50 ವರ್ಷ ಬೇಕಾಯಿತು. ಹರಾಲ್ಡ್ ರೋಸ್, ಮ್ಯಾಕ್ಸಿಮಿಲಿಯನ್ ಹೈಡರ್, ಕ್ನುಟ್ ಉರ್ಬಾನ್ ಜೊತೆಗೂಡಿ ದುಡಿದರು. ಆರು ಧ್ರುವಗಳ ಎರಡು ಕಾಂತಗಳನ್ನಿಟ್ಟರು. ಮೊದಲನೆಯದು ಕಿರಣವನ್ನು ಮುಕ್ಕೋನವಾಗಿ ಎಳೆಯುತ್ತದೆ, ಎರಡನೆಯದು ಆ ಎಳೆತವನ್ನು ರದ್ದು ಮಾಡುತ್ತದೆ. ಕೊನೆಗೆ ಉಳಿಯುವುದು ಅಂಚಿನ ಎಲೆಕ್ಟ್ರಾನುಗಳನ್ನು ಹೊರಕ್ಕೆ ತಳ್ಳುವ ಗುಣ. ಹುಟ್ಟುದೋಷಕ್ಕೆ ಸರಿಯಾಗಿ ಎದುರು! 1998ರಲ್ಲಿ ಫಲ ಪ್ರಕಟವಾಯಿತು. ಮಿಲಿಮೀಟರಿನ 10 ಲಕ್ಷದ ಒಂದು ಪಾಲು ನ್ಯಾನೊಮೀಟರ್. ಅವರ ಸೂಕ್ಷ್ಮದರ್ಶಕದ ನೋಟ 0.24 ನ್ಯಾನೊಮೀಟರಿನಿಂದ ಸುಮಾರು 0.14ಕ್ಕೆ ಹರಿತವಾಗಿತ್ತು. ಮಸುಕಾಗಿದ್ದ ಪರಮಾಣುಗಳ ಸಾಲುಗಳು ಬಿಡಿಬಿಡಿಯಾಗಿ ಕಂಡವು. 2020ರಲ್ಲಿ ಈ ಮೂವರಿಗೂ, ಬೇರೆ ದಾರಿಯಲ್ಲಿ ಇದನ್ನೇ ಸಾಧಿಸಿದ ಒಂಡ್ರೆ ಕ್ರಿವಾನೆಕ್ ಅವರಿಗೂ ಕಾವ್ಲಿ ಪ್ರಶಸ್ತಿ ಸಂದಿತು.

ಇಂಥ ಯಂತ್ರ ನಮ್ಮ ಬೆಂಗಳೂರಿನಲ್ಲೂ ಇದೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ.

"ಹಾಗಾದರೆ ಅದೂ ಕನ್ನಡಕ ಹಾಕಿದೆಯಾ ತಾತ?"

"ಹೂಂ. ನಿನ್ನ ಕಣ್ಣಿನ ದೋಷ ಬೇರೆ, ಅದರದು ಬೇರೆ, ಉಪಾಯ ಒಂದೇ. ನಿನ್ನ ಕಣ್ಣು ಬೆಳಕನ್ನು ಬೇಗ ಒಟ್ಟುಗೂಡಿಸುತ್ತೆ, ಕನ್ನಡಕ ಅದನ್ನು ಮೊದಲೇ ಅಷ್ಟು ಹರಡುತ್ತೆ."

ಮರುದಿನ ಗೇಟಿನ ಬಳಿ ನಿಂತು ನೋಡಿದೆ. ಕನ್ನಡಕ ತೆಗೆದಳು. ಲಂಗದ ಅಂಚಿನಿಂದ ಒರೆಸಿದಳು. ಮತ್ತೆ ಹಾಕಿಕೊಂಡು ನಡೆದಳು.